ಘನ, ದ್ರವ, ಅನಿಲ: ಪುಟ್ಟ ಮಕ್ಕಳಿಗೆ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯ ಅಪ್ಪ ಅಮ್ಮಂದಿರು, ಅಂಗನವಾಡಿ ಮತ್ತು ನರ್ಸರಿ ಟೀಚರುಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳನ್ನು ಮನಸ್ಸಲ್ಲಿ ಇಟ್ಟುಕೊಂಡು ಬರೆದದ್ದು. ಬೇಕಾದ ಸಾಮಾನೆಲ್ಲ ಹೆಚ್ಚುಕಡಿಮೆ ಅಡುಗೆಮನೆಯಲ್ಲೇ ಸಿಗುತ್ತದೆ. ಸಾವಿರಾರು ರೂಪಾಯಿಯ ಸೈನ್ಸ್ ಕಿಟ್ ಎಂತದ್ದೂ ಬೇಡ.

ಯಾವ ವಯಸ್ಸಿಗೆ ಶುರು ಮಾಡಬಹುದು?

ಮಗು ನೀರಲ್ಲಿ ಆಡಲು ಶುರು ಮಾಡಿದ ದಿನವೇ ಪಾಠವೂ ಶುರುವಾಗಿದೆ, ನೀವು ಹೆಸರು ಹೇಳಿಲ್ಲ ಅಷ್ಟೇ. ಕಲ್ಲನ್ನು ಮುಷ್ಟಿಯಲ್ಲಿ ಹಿಡಿಯಬಹುದು, ನೀರನ್ನು ಹಿಡಿದರೆ ಬೆರಳ ಸಂದಿಯಿಂದ ಸೋರಿ ಹೋಗುತ್ತದೆ ಅನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು. ನಾಲ್ಕೈದು ವರ್ಷಕ್ಕೆ ಮನೆಯ ಸಾಮಾನನ್ನು ಮೂರು ಗುಂಪು ಮಾಡಿಸಿ. ಘನ, ದ್ರವ, ಅನಿಲ ಅನ್ನುವ ಪುಸ್ತಕದ ಮಾತು ಆರೇಳು ವರ್ಷಕ್ಕೆ ಬಂದರೂ ಏನೂ ತಡವಾಗಿಲ್ಲ.

ಮೊದಲ ದಿನ ಎಂತ ಮಾಡುವುದು?

ಒಂದು ತೆಂಗಿನಕಾಯಿ ಸಾಕು. ಸುಲಿದದ್ದು ಇರಲಿ, ಪಕ್ಕದಲ್ಲಿ ಒಂದು ಬೊಂಡವೂ (ಎಳನೀರಿನ ಕಾಯಿ) ಇದ್ದರೆ ಇನ್ನೂ ಒಳ್ಳೆಯದು. ಎರಡನ್ನೂ ಮಗುವಿನ ಕಿವಿಯ ಹತ್ತಿರ ಅಲ್ಲಾಡಿಸಿ. ಕಾಯಿ ಗುಳುಗುಳು ಅನ್ನುತ್ತದೆ. ಬೊಂಡ ಕೈಗೆ ಭಾರ, ಆದರೆ ಶಬ್ದವೇ ಇಲ್ಲ. ಯಾಕೆ ಅಂತ ಕೇಳಿದರೆ ಹೆಚ್ಚಿನ ಮಕ್ಕಳು ಬೊಂಡದಲ್ಲಿ ನೀರಿಲ್ಲ ಅನ್ನುತ್ತಾರೆ. ಈಗ ಕೆತ್ತಿ ತೋರಿಸಿ, ಬಾಯಿ ತನಕ ನೀರು! ತುಂಬಿದ ಕೊಡ ತುಳುಕುವುದಿಲ್ಲ ಅಂತ ಅಜ್ಜಿ ಹೇಳುವುದು ಇಲ್ಲಿ ಅಕ್ಷರಶಃ ನಿಜ. ನೀರಿಗೆ ಅಲ್ಲಾಡಲು ಜಾಗ ಬೇಕು ಅಲ್ವಾ? ಕಾಯಿ ಬಲಿಯುತ್ತಾ ಬಂದ ಹಾಗೆ ಒಳಗಿನ ನೀರು ಕಡಿಮೆಯಾಗುತ್ತದೆ, ಆ ಜಾಗದಲ್ಲಿ ಗಾಳಿ ಕೂರುತ್ತದೆ. ಗುಳುಗುಳು ಅಂದರೆ ನೀರು ಮತ್ತು ಗಾಳಿ ಜಾಗ ಬದಲಿಸಿಕೊಳ್ಳುವ ಶಬ್ದ.

ಆಮೇಲೆ ಕಾಯಿ ಒಡೆಯಿರಿ. ನೀರನ್ನು ಲೋಟಕ್ಕೆ ಹಾಕಿ, ಲೋಟದಿಂದ ತಟ್ಟೆಗೆ ಹಾಕಿ, ಪಾತ್ರೆ ಹೇಗಿದೆಯೋ ನೀರು ಹಾಗೆ ಕೂರುವುದನ್ನು ನೋಡಲಿ. ಗೆರಟೆಯನ್ನು, ಅಂದರೆ ಕಾಯಿಯ ಗಟ್ಟಿ ಚಿಪ್ಪನ್ನು, ಉಗುರಿನಿಂದ ಕೆರೆಯಲು ಹೇಳಿ, ಆಗುವುದಿಲ್ಲ. ಒಳಗಿನ ತಿರುಳನ್ನು ಕೆರೆದರೆ ಸ್ವಲ್ಪ ಬರುತ್ತದೆ. ಎರಡೂ ಘನವೇ. ಗಾಳಿ ಎಲ್ಲಿ ಹೋಯಿತು ಅಂತ ಕೊನೆಗೆ ಕೇಳಿ ಬಿಟ್ಟುಬಿಡಿ. ಉತ್ತರ ಹೇಳಬೇಡಿ. ಮಾರನೇ ದಿನ ಮಗುವೇ ತಿರುಗಿ ಕೇಳುತ್ತದೆ.

ಡೆಫಿನಿಷನ್ ಬಾಯಿಪಾಠ ಮಾಡಿಸಬೇಕಾ?

ಪರೀಕ್ಷೆಗೆ ಬೇಕಾದರೆ ಕೊನೆಗೆ ಮಾಡಿಸಿ, ಮೊದಲು ಬೇಡ. "ಘನ ವಸ್ತುವಿಗೆ ನಿರ್ದಿಷ್ಟ ಆಕಾರ ಮತ್ತು ಗಾತ್ರವಿದೆ" ಅಂತ ಪಟಪಟ ಹೇಳುವ ಮಗುವಿನ ಕೈಗೆ ಒಂದು ಸ್ಪಂಜು ಕೊಟ್ಟು ನೋಡಿ, ತಬ್ಬಿಬ್ಬಾಗುತ್ತದೆ. ಮೆತ್ತಗೆ ಉಂಟಲ್ಲ, ಒತ್ತಿದರೆ ಕುಗ್ಗುತ್ತದಲ್ಲ, ಹಾಗಾದರೆ ಘನ ಅಲ್ಲ ಅನ್ನುತ್ತದೆ. ಘನ ಅಂದರೆ ಗಡಸು ಅಂತ ತಲೆಯಲ್ಲಿ ಕೂತರೆ ಹತ್ತಿ, ಬಟ್ಟೆ, ಕಾಗದ, ರಬ್ಬರ್ ಬ್ಯಾಂಡ್ ಎಲ್ಲ ಗುಂಪು ತಪ್ಪುತ್ತವೆ. ಅದರ ಬದಲು ಒಂದೇ ಪ್ರಶ್ನೆ ಕೇಳುತ್ತಾ ಇರಿ. ಇದನ್ನು ಬೇರೆ ಪಾತ್ರೆಗೆ ಹಾಕಿದರೆ ಇದರ ಆಕಾರ ತಾನಾಗಿ ಬದಲಾಗುತ್ತದಾ? ಸೀರೆಯನ್ನು ನಾವು ಮಡಿಸಬೇಕು, ಅದು ತಾನಾಗಿ ಬಾಲ್ದಿಯ ಆಕಾರಕ್ಕೆ ಹರಡಿಕೊಳ್ಳುವುದಿಲ್ಲ.

ಮರಳು ಲೋಟದಿಂದ ಲೋಟಕ್ಕೆ ಸುರಿಯುತ್ತದಲ್ಲ, ಅದು ದ್ರವವಾ?

ಈ ಪ್ರಶ್ನೆ ಬಾರದಿದ್ದರೆ ನೀವೇ ಎಬ್ಬಿಸಬೇಕು. ನನ್ನ ಪ್ರಕಾರ ಇಡೀ ಪಾಠದಲ್ಲಿ ಮಕ್ಕಳು ನಿಜವಾಗಿ ತಲೆ ಓಡಿಸುವ ಜಾಗ ಇದು. ಕಲ್ಲು ಘನ, ಹಾಲು ದ್ರವ ಅನ್ನುವುದರಲ್ಲಿ ವಾದ ಮಾಡಲು ಏನೂ ಇಲ್ಲ. ಮರಳಲ್ಲಿ ಉಂಟು.

ಮಲ್ಪೆಗೋ ಪಣಂಬೂರಿಗೋ ತಣ್ಣೀರುಬಾವಿಗೋ ಹೋದಾಗ ಎರಡು ಗೆರಟೆ ತೆಗೆದುಕೊಂಡು ಹೋಗಿ. ಒಂದರಲ್ಲಿ ಒಣ ಮರಳು, ಇನ್ನೊಂದರಲ್ಲಿ ನೀರು. ಎರಡನ್ನೂ ಒಂದು ಚಪ್ಪಟೆ ತಟ್ಟೆಗೆ ನಿಧಾನಕ್ಕೆ ಸುರಿಯಲು ಹೇಳಿ. ಮರಳು ಗೋಪುರದ ಹಾಗೆ ರಾಶಿ ನಿಲ್ಲುತ್ತದೆ, ನೀರು ಎಷ್ಟೇ ಸುರಿದರೂ ರಾಶಿ ನಿಲ್ಲುವುದಿಲ್ಲ, ಸಮತಟ್ಟಾಗಿ ಹರಡಿಬಿಡುತ್ತದೆ. ಮೊದಲ ಸುಳಿವು ಇದು. ಎರಡನೆಯದಕ್ಕೆ ಭೂತಗನ್ನಡಿ ಬೇಕು. ಒಂದು ಚಿಟಿಕೆ ಮರಳನ್ನು ಕಪ್ಪು ಬಟ್ಟೆಯ ಮೇಲೆ ಉದುರಿಸಿ ನೋಡಿದರೆ ಪ್ರತಿ ಕಾಳಿಗೂ ಅದರದ್ದೇ ಮೂಲೆ, ಅದರದ್ದೇ ಬಣ್ಣ ಕಾಣುತ್ತದೆ. ನಡುವೆ ಚಿಪ್ಪಿನ ಬಿಳಿ ಚೂರುಗಳೂ ಇರುತ್ತವೆ. ಕಾಳನ್ನು ಯಾವ ಪಾತ್ರೆಗೆ ಹಾಕಿದರೂ ಕಾಳಿನ ಆಕಾರ ಹಾಗೇ ಇರುತ್ತದೆ. ಅಂದರೆ ಸುರಿಯುವುದು ತುಂಬಾ ಪುಟ್ಟ ಪುಟ್ಟ ಘನಗಳ ಗುಂಪು.

ಮನೆಗೆ ಬಂದ ಮೇಲೆ ಕುಚ್ಚಲಕ್ಕಿ, ರವೆ, ಸಕ್ಕರೆ, ಅಕ್ಕಿ ಹಿಟ್ಟು ಒಂದೊಂದಾಗಿ ಸುರಿಸಿ. ಅಕ್ಕಿಯ ಕಾಳು ಬರಿಗಣ್ಣಿಗೇ ಕಾಣುತ್ತದೆ, ಹಿಟ್ಟಿನ ಕಾಳು ಕಾಣುವುದಿಲ್ಲ, ಆದರೂ ರಾಶಿ ನಿಲ್ಲುತ್ತದೆ. ಆ ಸಾಲಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಹೋದರೆ ಮಗುವಿಗೆ ತಾನಾಗಿ ಹೊಳೆಯುತ್ತದೆ.

ಎತ್ತರದ ಲೋಟದಲ್ಲಿ ಜಾಸ್ತಿ ನೀರು ಉಂಟು ಅಂತ ನನ್ನ ಮಗ ಹಟ ಮಾಡುತ್ತಾನೆ. ಕಣ್ಣೆದುರೇ ಸುರಿದು ತೋರಿಸಿದರೂ ಒಪ್ಪುವುದಿಲ್ಲ.

ಐದು ವರ್ಷವಾ? ಹಾಗಾದರೆ ಬಿಟ್ಟುಬಿಡಿ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನೇ ಮಕ್ಕಳ ಜೊತೆ ಮಾಡಿ ನೋಡಿದವರು, ಡಿ.ಎಡ್, ಬಿ.ಎಡ್ ಓದಿದವರಿಗೆ ಆ ಹೆಸರು ನೆನಪಿರಬಹುದು. ಆರೇಳು ವರ್ಷದ ತನಕ ಹೆಚ್ಚಿನ ಮಕ್ಕಳು ಎತ್ತರ ಒಂದನ್ನೇ ನೋಡುತ್ತಾರೆ, ಅಗಲ ಕಡಿಮೆಯಾದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೈದರೆ ಬೇಗ ಬರುವಂಥದ್ದಲ್ಲ ಇದು. ತಿರುಗಿ ಹಳೆ ಲೋಟಕ್ಕೆ ಸುರಿಯಲು ಅವನ ಕೈಗೇ ಕೊಡಿ, ನೀವು ಸುರಿಯಬೇಡಿ.

ಗಾಳಿ ಕಾಣುವುದೇ ಇಲ್ಲ. ಅದೂ ಒಂದು ವಸ್ತು ಅಂತ ನಂಬಿಸುವುದು ಹೇಗೆ?

ಮೂರರಲ್ಲಿ ಕಷ್ಟದ್ದು ಇದು. ನಿಮ್ಮ ಹತ್ತಿರ ಇರುವ ಸಮಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಕೊಡಿ ಅನ್ನುತ್ತೇನೆ. ಹೆಚ್ಚಿನ ಕಡೆ ಉಲ್ಟಾ ಆಗುತ್ತದೆ, ಘನಕ್ಕೆ ಇಪ್ಪತ್ತು ಚಿತ್ರ, ಅನಿಲಕ್ಕೆ ಒಂದು ಬಲೂನು, ಮುಗಿಯಿತು.

ಮೊದಲನೆಯದು ಜಾಗ. ಗಾಜಿನ ಲೋಟದ ತಳಕ್ಕೆ ಒಂದು ಒಣ ಕಾಗದ ಮುದ್ದೆ ಮಾಡಿ ಗಟ್ಟಿಯಾಗಿ ತುರುಕಿ, ಲೋಟವನ್ನು ಬೋರಲು ಹಾಕಿ ನೀರಿನ ಬಾಲ್ದಿಯಲ್ಲಿ ನೇರವಾಗಿ ಮುಳುಗಿಸಿ, ಹಾಗೇ ನೇರವಾಗಿ ಮೇಲೆತ್ತಿ. ಕಾಗದ ಒಣಗಿಯೇ ಇರುತ್ತದೆ. ಈಗ ಮುಳುಗಿಸಿ ಸ್ವಲ್ಪ ಓರೆ ಮಾಡಿ. ಬುಳುಕ್ ಅಂತ ಗುಳ್ಳೆ ಬರುತ್ತದೆ, ನೀರು ಒಳಗೆ ನುಗ್ಗುತ್ತದೆ, ಕಾಗದ ಒದ್ದೆ. ಹೊರಗೆ ಬಂದದ್ದು ಎಂತ? ಖಾಲಿ ಲೋಟ ಖಾಲಿ ಇರಲಿಲ್ಲ ಅಂತ ಮಗುವಿನ ಬಾಯಲ್ಲೇ ಬರಬೇಕು.

ಎರಡನೆಯದಕ್ಕೆ ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ 20 ಎಂಎಲ್ ಸಿರಿಂಜ್ ತನ್ನಿ. ಗಾಳಿ ಎಳೆದು, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ತಿರುಗಿ ಬರುತ್ತದೆ. ಈಗ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ಒತ್ತಲು ಹೇಳಿ. ಅಲ್ಲಾಡುವುದೇ ಇಲ್ಲ! ಅಪ್ಪನ ಕೈಗೆ ಕೊಟ್ಟರೂ ಅಷ್ಟೇ. ಅನಿಲ ಕುಗ್ಗುತ್ತದೆ, ದ್ರವ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಉಪಕರಣ ಬೇರೆ ಇಲ್ಲ.

ಆಮೇಲೆ ತೂಕ. ಕೋಲಿನ ಎರಡು ತುದಿಗೆ ಬಲೂನು ಕಟ್ಟುವ ಪ್ರಯೋಗ ಎಲ್ಲ ಕಡೆ ಹೇಳುತ್ತಾರೆ, ನನಗೆ ಅಷ್ಟು ಹಿಡಿಸುವುದಿಲ್ಲ. ಸುತ್ತಲಿನ ಗಾಳಿಯೇ ಬಲೂನನ್ನು ಎತ್ತಿ ಹಿಡಿಯುವುದರಿಂದ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಫುಟ್‌ಬಾಲ್ ತೆಗೆದುಕೊಳ್ಳಿ. ಸ್ವಲ್ಪ ಮೆತ್ತಗಾದ ಚೆಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡಿ, ಪಂಪ್ ಹೊಡೆದು ಗಟ್ಟಿ ಮಾಡಿ, ತಿರುಗಿ ಇಡಿ. ಕೆಲವು ಗ್ರಾಂ ಜಾಸ್ತಿ ತೋರಿಸುತ್ತದೆ. ಒಳಗೆ ಹೋದದ್ದು ಗಾಳಿ ಮಾತ್ರ ಅಲ್ವಾ? ದೊಡ್ಡವರಿಗೂ ಆಶ್ಚರ್ಯವಾಗುವ ಲೆಕ್ಕ ಒಂದು ಉಂಟು. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಹಾಗಾದರೆ ಉದ್ದ, ಅಗಲ, ಎತ್ತರ ಎಲ್ಲ 10 ಅಡಿ ಇರುವ ಕೋಣೆಯ ಗಾಳಿ 34 ಕೆಜಿ ಹತ್ತಿರ ಆಯಿತು, ಒಂದು ಮೂಟೆ ಅಕ್ಕಿಯ ಲೆಕ್ಕ.

ಕೊನೆಗೆ ಹರಡುವುದು. ಶಂಕರಪುರ ಮಲ್ಲಿಗೆಯ ಚೆಂಡನ್ನು ಬಾಳೆ ಎಲೆಯ ಕಟ್ಟಿನಲ್ಲೇ ಇಟ್ಟುಕೊಂಡು, ಫ್ಯಾನ್ ಆಫ್ ಮಾಡಿ, ಮಕ್ಕಳನ್ನು ಕೋಣೆಯ ಬೇರೆ ಬೇರೆ ಜಾಗದಲ್ಲಿ ಕಣ್ಣು ಮುಚ್ಚಿ ಕೂರಿಸಿ. ಒಂದು ಮೂಲೆಯಲ್ಲಿ ಕಟ್ಟು ಬಿಚ್ಚಿ. ಪರಿಮಳ ಬಂದವರು ಕೈ ಎತ್ತಬೇಕು. ಹತ್ತಿರದವರ ಕೈ ಮೊದಲು, ದೂರದವರದ್ದು ಆಮೇಲೆ ಏಳುವುದನ್ನು ಒಬ್ಬರು ನೋಡುತ್ತಾ ಇರಲಿ. ಬಂಗುಡೆ ಹುರಿದರೂ ಇದೇ ಪಾಠ, ಆದರೆ ಆಗ ಯಾರೂ ಪಾಠ ಕೇಳುವ ಮನಸ್ಥಿತಿಯಲ್ಲಿ ಇರುವುದಿಲ್ಲ.

ಅಡುಗೆ ಸಿಲಿಂಡರ್ ಒಳಗೆ ಇರುವುದು ಗ್ಯಾಸಾ?

ಹೆಚ್ಚಿನದ್ದು ದ್ರವ. 14.2 ಕೆಜಿ ಎಲ್‌ಪಿಜಿಯನ್ನು ಒತ್ತಡ ಹಾಕಿ ದ್ರವ ಮಾಡಿ ತುಂಬಿರುತ್ತಾರೆ, ಮೇಲ್ಭಾಗದಲ್ಲಿ ಮಾತ್ರ ಸ್ವಲ್ಪ ಅನಿಲ ಇರುತ್ತದೆ. ನಾವು ಸ್ಟೌ ತಿರುಗಿಸಿದಾಗ ಆ ಅನಿಲ ಹೊರಗೆ ಬರುತ್ತದೆ, ಅದರ ಜಾಗಕ್ಕೆ ಒಳಗಿನ ದ್ರವ ಕುದಿದು ಅನಿಲವಾಗುತ್ತದೆ. ದ್ರವವಾಗಿದ್ದಾಗ ಹಿಡಿಯುವುದಕ್ಕಿಂತ ಅನಿಲವಾದಾಗ ಸುಮಾರು 250 ಪಟ್ಟು ಜಾಗ ಬೇಕು, ಅದಕ್ಕೇ ದ್ರವ ಮಾಡಿ ತುಂಬುವುದು. ಹೈವೇಯಲ್ಲಿ ಓಡುವ ಉದ್ದದ ಬುಲೆಟ್ ಟ್ಯಾಂಕರುಗಳಲ್ಲೂ ಇರುವುದು ದ್ರವವೇ. ಎಲ್‌ಪಿಜಿಗೆ ತನ್ನದೇ ವಾಸನೆ ಹೆಚ್ಚುಕಡಿಮೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಕೆಟ್ಟ ವಾಸನೆಯ ಮರ್ಕಾಪ್ಟಾನ್ ಸೇರಿಸುತ್ತಾರೆ. ಇದನ್ನು ಬಾಯಲ್ಲಿ ಹೇಳಿದರೆ ಸಾಕು. ಸಿಲಿಂಡರ್ ಅಲ್ಲಾಡಿಸಿ ತೋರಿಸಲು ಹೋಗಬೇಡಿ.

ಇದೇ ಮಾತಿಗೆ ಇನ್ನೊಂದು: ಕಾಪು ಹತ್ತಿರದ ಪಾದೂರಿನಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ಗುಹೆ ಮಾಡಿ 25 ಲಕ್ಷ ಟನ್ ಕಚ್ಚಾ ತೈಲ ಇಡುವಷ್ಟು ಜಾಗ ಮಾಡಿದ್ದಾರೆ, ಮಂಗಳೂರಿನದ್ದು 15 ಲಕ್ಷ ಟನ್. ಘನದ ಹೊಟ್ಟೆಯಲ್ಲಿ ದ್ರವ. ಸ್ವಲ್ಪ ದೊಡ್ಡ ಮಕ್ಕಳಿಗೆ ಇದು ತುಂಬಾ ಇಷ್ಟವಾಗುತ್ತದೆ.

ನಮ್ಮ ಸೆಕೆಗೆ ಐಸ್ ತೆಗೆದ ಕೂಡಲೇ ಕರಗುತ್ತದೆ. ಪ್ರಯೋಗ ಮಾಡುವುದು ಹೇಗೆ?

ಬೇಗ ಕರಗುವುದು ಒಳ್ಳೆಯದೇ, ಪುಟ್ಟ ಮಕ್ಕಳಿಗೆ ಕಾಯುವ ತಾಳ್ಮೆ ಎಲ್ಲಿ? ಒಂದೇ ಅಳತೆಯ ಎರಡು ಐಸ್ ತುಂಡು ತೆಗೆಯಿರಿ. ಒಂದನ್ನು ತಟ್ಟೆಯಲ್ಲಿ ಹಾಗೇ ಇಡಿ, ಇನ್ನೊಂದನ್ನು ದಪ್ಪ ಟವೆಲಿನಲ್ಲಿ ಸುತ್ತಿ. ಯಾವುದು ಮೊದಲು ಕರಗುತ್ತದೆ ಅಂತ ಕೇಳಿದರೆ ಟವೆಲಿನದ್ದು ಅನ್ನುತ್ತಾರೆ, ಹೊದಿಕೆ ಬೆಚ್ಚಗೆ ಮಾಡುತ್ತದಲ್ಲ! ಬಿಚ್ಚಿ ನೋಡಿದರೆ ಸುತ್ತಿದ್ದೇ ಜಾಸ್ತಿ ಉಳಿದಿರುತ್ತದೆ. ಹೊದಿಕೆ ಬಿಸಿ ಹುಟ್ಟಿಸುವುದಿಲ್ಲ, ಹೊರಗಿನ ಬಿಸಿ ಒಳಗೆ ಬರುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಮೀನು ತರಲು ಹೋದಾಗ ಮಲ್ಪೆ ಬಂದರಿನಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಪುಡಿ ಮಾಡಿದ ಐಸನ್ನು ದಪ್ಪ ಪೆಟ್ಟಿಗೆಗೆ ತುಂಬುವುದನ್ನು ತೋರಿಸಿ, ಮಗುವೇ ಎರಡನ್ನೂ ಜೋಡಿಸಿಕೊಳ್ಳುತ್ತದೆ.

ಇನ್ನೊಂದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ನೀರು ಹಾಕಿ ಹೊರಗೆ ಪೆನ್ನಿನಿಂದ ಗೆರೆ ಎಳೆದು ಫ್ರೀಜರಿನಲ್ಲಿಡಿ. ಬೆಳಿಗ್ಗೆ ಐಸ್ ಗೆರೆಯ ಮೇಲೆ ಬಂದಿರುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಗಾಜಿನ ಬಾಟಲಿಯಲ್ಲಿ ಮಾಡಬೇಡಿ, ಒಡೆಯುತ್ತದೆ.

ತೆಂಗಿನೆಣ್ಣೆ ಘನವಾ, ದ್ರವವಾ?

ಯಾವಾಗ ಕೇಳುತ್ತೀರಿ, ಎಲ್ಲಿ ಕೇಳುತ್ತೀರಿ ಅನ್ನುವುದರ ಮೇಲೆ ಉಂಟು. ತೆಂಗಿನೆಣ್ಣೆ 24 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ನಮ್ಮಲ್ಲಿ ವರ್ಷದ ಹೆಚ್ಚಿನ ಭಾಗ ಬಾಟಲಿಯಲ್ಲಿ ನೀರಿನ ಹಾಗೆ ಇರುತ್ತದೆ, ಡಿಸೆಂಬರ್, ಜನವರಿಯ ಬೆಳಗಿನ ಜಾವ ಕೆಲವೊಮ್ಮೆ ಬೆಳ್ಳಗೆ ಗಟ್ಟಿಯಾಗುತ್ತದೆ. ಅದೇ ಎಣ್ಣೆಯನ್ನು ಚಳಿಗಾಲದಲ್ಲಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಕಳಿಸಿದರೆ ಚಮಚ ಹಾಕಿ ಕೆತ್ತಬೇಕು. ಸಣ್ಣ ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, ತೆಗೆದು ಮಗುವಿನ ಅಂಗೈ ಮೇಲೆ ಒಂದು ಚೂರು ಇಡಿ. ಬೆಂಕಿ ಬೇಡ, ಸ್ಟೌ ಬೇಡ, ಮೈಯ ಬಿಸಿಗೇ ಬಿಳಿ ಚೂರು ಮೊದಲು ಅಂಚಿನಲ್ಲಿ ಪಾರದರ್ಶಕವಾಗಿ, ಆಮೇಲೆ ಪೂರ್ತಿ ಎಣ್ಣೆಯಾಗಿ ಬೆರಳಿನ ಗೆರೆಗಳಲ್ಲಿ ಹರಿಯುತ್ತದೆ. ಒಂದೇ ವಸ್ತು ಬಿಸಿ ಮತ್ತು ತಂಪಿಗೆ ತಕ್ಕ ಹಾಗೆ ರೂಪ ಬದಲಿಸುತ್ತದೆ ಅಂತ ತೋರಿಸಲು ಐಸಿಗಿಂತಲೂ ಇದು ಮೇಲು, ಯಾಕೆಂದರೆ ಐಸ್ ಮತ್ತು ನೀರು ಬೇರೆ ಬೇರೆ ವಸ್ತು ಅಂತ ಮಕ್ಕಳು ಅಂದುಕೊಂಡಿರುತ್ತಾರೆ.

ಮಳೆಗಾಲದಲ್ಲಿ ಭರಣಿಯ ಕಲ್ಲುಪ್ಪು ನೀರಾಗುತ್ತದಲ್ಲ, ಅದು ಐಸ್ ಕರಗಿದ ಹಾಗೆಯಾ?

ಅಲ್ಲ. ಉಪ್ಪು ಐಸಿನ ಹಾಗೆ ಕರಗಬೇಕಾದರೆ 801 ಡಿಗ್ರಿ ಬೇಕು, ನಮ್ಮ ಜುಲೈ ತಿಂಗಳಲ್ಲಿ ಅಷ್ಟು ಸೆಕೆ ಇಲ್ಲ ಮಾರಾಯ್ರೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್‌ನಂಥ ಬೇರೆ ಲವಣಗಳು ಸ್ವಲ್ಪ ಇರುತ್ತವೆ, ಅವು ಗಾಳಿಯಲ್ಲಿರುವ ನೀರಿನ ಆವಿಯನ್ನು ಎಳೆದುಕೊಳ್ಳುತ್ತವೆ. ಆ ನೀರಲ್ಲಿ ಉಪ್ಪು ಕದಡಿ ಹೋಗುತ್ತದೆ. ಐಸ್ ಒಂದೇ ಇದ್ದರೂ ಕರಗುತ್ತದೆ, ಬಿಸಿ ಸಾಕು. ಉಪ್ಪಿಗೆ, ಸಕ್ಕರೆಗೆ ಹೀಗೆ ಮಾಯವಾಗಲು ನೀರಿನ ಜೊತೆ ಬೇಕು. ಈ ವ್ಯತ್ಯಾಸ ಮಗುವಿಗೆ ತಿಳಿಯಲು ಎರಡು ಬಟ್ಟಲು ಇಡಿ: ಒಂದರಲ್ಲಿ ಐಸ್, ಇನ್ನೊಂದರಲ್ಲಿ ಸಕ್ಕರೆ, ಎರಡೂ ಬಿಸಿಲಿನಲ್ಲಿ. ಐಸ್ ನೀರಾಗುತ್ತದೆ, ಸಕ್ಕರೆ ಇರುವೆ ಬರುವ ತನಕ ಹಾಗೇ ಕೂತಿರುತ್ತದೆ.

ನೀರಲ್ಲಿ ಹೋದ ಉಪ್ಪು ಎಲ್ಲೂ ಹೋಗಿಲ್ಲ ಅಂತ ತೋರಿಸಲು ಸಮುದ್ರದ ನೀರೇ ಉಂಟು. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಒಂದು ಲೋಟ ನೀರು ತಂದು, ಬಟ್ಟೆಯಲ್ಲಿ ಸೋಸಿ, ಅಗಲ ತಟ್ಟೆಯಲ್ಲಿ ಬಿಸಿಲಿಗೆ ಇಟ್ಟರೆ ಕೆಲವು ದಿನದಲ್ಲಿ ಅಂಚಿಗೆ ಬಿಳಿ ಹರಳು ಕಟ್ಟುತ್ತದೆ. ಮಳೆಗಾಲದಲ್ಲಿ ಮಾಡಬೇಡಿ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ ಎಲ್ಲ ತುಂಬಿ ಬಂದು ದಡದ ಹತ್ತಿರದ ನೀರು ಸಪ್ಪೆಯಾಗಿರುತ್ತದೆ, ಒಣಗುವುದೂ ಇಲ್ಲ.

ಇಡ್ಲಿ ಹಿಟ್ಟು ದ್ರವ, ಇಡ್ಲಿ ಘನ. ಬಿಸಿ ಮಾಡಿದರೆ ಘನ ಆಗುತ್ತದಾ ಹಾಗಾದರೆ?

ಈ ಪ್ರಶ್ನೆ ಕೇಳಿದ ಮಗುವಿಗೆ ಒಂದು ಇಡ್ಲಿ ಜಾಸ್ತಿ ಕೊಡಿ. ಐಸಿನಲ್ಲಿ ಹಿಂದೆ ಮುಂದೆ ಎರಡೂ ಕಡೆ ದಾರಿ ಉಂಟು, ನೀರು ಮಾಡಿ, ತಿರುಗಿ ಐಸ್ ಮಾಡಿ. ಇಡ್ಲಿಯನ್ನು ತಣ್ಣಗೆ ಮಾಡಿದರೆ ಹಿಟ್ಟಾಗುವುದಿಲ್ಲ, ತಣ್ಣಗಿನ ಇಡ್ಲಿ ಆಗುತ್ತದೆ. ಬೆಂದಾಗ ಹಿಟ್ಟಿನ ಪಿಷ್ಟ ನೀರು ಕುಡಿದು ಊದಿ ಬೇರೆಯೇ ಆಗಿರುತ್ತದೆ. ನೀರುದೋಸೆ, ಮೊಟ್ಟೆ, ಮೂಡೆ ಎಲ್ಲ ಇದೇ ಗುಂಪು. ಇಡ್ಲಿ ಮುರಿದು ಒಳಗಿನ ತೂತುಗಳನ್ನು ತೋರಿಸಲು ಮರೆಯಬೇಡಿ, ಹಿಟ್ಟು ಹುಳಿ ಬರುವಾಗ ಹುಟ್ಟಿದ ಅನಿಲ ಕೂತಿದ್ದ ಜಾಗ ಅದು.

ಪಾತ್ರೆಯಿಂದ ಏಳುವ ಬಿಳಿ ಹೊಗೆಯಂಥದ್ದು ಅನಿಲವಾ?

ಕಾಣುವ ಬಿಳಿ ಭಾಗ ಅನಿಲ ಅಲ್ಲ, ತುಂಬಾ ಪುಟ್ಟ ನೀರ ಹನಿಗಳು. ನಿಜವಾದ ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಮೂತಿ ಇರುವ ಕೆಟಲ್ ಜೋರಾಗಿ ಕುದಿಯುವಾಗ ದೂರದಿಂದ ಗಮನಿಸಿ. ಮೂತಿಗೆ ತಾಗಿಕೊಂಡು ಒಂದು ಚಿಕ್ಕ ಜಾಗದಲ್ಲಿ ಏನೂ ಕಾಣುವುದಿಲ್ಲ, ಅದರ ಆಚೆ ಬಿಳಿ ಶುರುವಾಗುತ್ತದೆ. ಆ ಏನೂ ಕಾಣದ ಜಾಗದಲ್ಲೇ ಆವಿ ಇರುವುದು, ಅಲ್ಲೇ ಕೈ ಸುಡುವುದೂ ಜಾಸ್ತಿ. ಹಾಗಾಗಿ ಇದನ್ನು ದೊಡ್ಡವರೇ ಮಾಡಬೇಕು, ಮಕ್ಕಳು ದೂರ ನಿಂತು ನೋಡಬೇಕು. ಒಂದು ತಣ್ಣಗಿನ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಬಿಳಿ ಭಾಗದ ಮೇಲೆ ಒಡ್ಡಿದರೆ ಹನಿ ಉದುರುತ್ತದೆ.

ಮೋಡವೂ ಹನಿಗಳೇ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಕಾರಿನ ಗಾಜು ಇಳಿಸಿ ಕೈ ಹೊರಗೆ ಹಿಡಿದರೆ ಮುಖ, ಕೈ ಎಲ್ಲ ತಣ್ಣಗೆ ಒದ್ದೆಯಾಗುತ್ತದೆ, ಮೋಡದ ಒಳಗೆ ಹೋಗಿ ಬಂದ ಹಾಗೆ ಅಲ್ಲ, ಮೋಡದ ಒಳಗೇ ಹೋಗಿರುವುದು.

ಮೊಸರು, ಗಂಜಿ, ಜೆಲ್ಲಿ, ಟೂತ್‌ಪೇಸ್ಟ್ ಯಾವ ಗುಂಪಿಗೆ?

ನಾಲ್ಕನೇ ಒಂದು ಬುಟ್ಟಿ ಇಡಿ, "ನೋಡೋಣ" ಅಂತ ಹೆಸರು ಬರೆಯಿರಿ. ಪ್ರಪಂಚದ ಎಲ್ಲ ವಸ್ತು ಮೂರೇ ಬುಟ್ಟಿಯಲ್ಲಿ ಸರಿಯಾಗಿ ಕೂರುತ್ತದೆ ಅಂತ ಹೇಳುವುದು ಸುಳ್ಳು. ಗಂಜಿಯಲ್ಲಿ ಅನ್ನ ಘನ, ತಿಳಿ ದ್ರವ, ಅದು ಮಿಶ್ರಣ. ಚೀನಾ ಗ್ರಾಸ್ ಜೆಲ್ಲಿಯಲ್ಲಿ ಹೆಚ್ಚಿನದ್ದು ನೀರೇ, ಆದರೆ ಒಂದು ಬಲೆಯಂಥ ರಚನೆ ಅದನ್ನು ಹಿಡಿದಿಟ್ಟಿದೆ. ಚೀನಾ ಗ್ರಾಸ್ ಫ್ರಿಜ್ ಇಲ್ಲದೆಯೂ 35ರಿಂದ 40 ಡಿಗ್ರಿಯ ಹತ್ತಿರವೇ ಗಟ್ಟಿಯಾಗುತ್ತದೆ, ತಿರುಗಿ ಕರಗಲು ಸುಮಾರು 85 ಡಿಗ್ರಿ ಬೇಕು.

ಗಲಾಟೆ ಬೇಕಾದರೆ ಎರಡು ಪಾಲು ಕಾರ್ನ್‌ಫ್ಲೋರಿಗೆ ಒಂದು ಪಾಲು ನೀರು ಕಲಸಿ ಕೊಡಿ. ನಿಧಾನಕ್ಕೆ ಬೆರಳಿಟ್ಟರೆ ಮುಳುಗುತ್ತದೆ, ಗುದ್ದಿದರೆ ಗಟ್ಟಿ. ಅಂಗಳದಲ್ಲಿ ಮಾಡಿಸಿ. ಮುಗಿದ ಮೇಲೆ ಸಿಂಕಿಗೆ ಸುರಿಯಬೇಡಿ, ಪೈಪ್ ಕಟ್ಟುತ್ತದೆ.

ಬೆಂಕಿ? ನೆರಳು? ಶಬ್ದ?

ನೆರಳು, ಬೆಳಕು, ಶಬ್ದ ವಸ್ತುಗಳೇ ಅಲ್ಲ. ನೆರಳನ್ನು ತಕ್ಕಡಿಯಲ್ಲಿ ಇಡಲು ಆಗುತ್ತದಾ ಅಂತ ಕೇಳಿ, ನಗುತ್ತಾರೆ, ಅಷ್ಟೇ ಸಾಕು. ಬೆಂಕಿಯ ಜ್ವಾಲೆ ಅಂದರೆ ಉರಿಯುತ್ತಿರುವ ಬಿಸಿ ಅನಿಲ, ದೀಪದ ಹಳದಿ ಬೆಳಕು ಅದರೊಳಗೆ ಕಾದು ಹೊಳೆಯುವ ಮಸಿಯ ಕಣಗಳದ್ದು. ಪ್ಲಾಸ್ಮಾ ಅನ್ನುವ ನಾಲ್ಕನೇ ಸ್ಥಿತಿಯೂ ಉಂಟು, ಸಿಡಿಲಿನ ದಾರಿಯಲ್ಲಿ ಗಾಳಿ ಹಾಗಾಗುತ್ತದೆ. ಕೇಳಿದರೆ ಹೇಳಿ, ಕೇಳದಿದ್ದರೆ ಬೇಡ.

ಅಣು, ಕಣ ಅಂತೆಲ್ಲ ಯಾವಾಗ ಹೇಳುವುದು?

ಹತ್ತು ವರ್ಷದ ಹತ್ತಿರ. ಬೇಗ ಹೇಳಿದರೆ ಐಸಿನ ಕಣ ಗಟ್ಟಿ, ನೀರಿನ ಕಣ ಮೆತ್ತಗೆ, ಬಿಸಿಯಾದರೆ ಕಣವೇ ಕರಗುತ್ತದೆ ಅಂತ ಅಂದುಕೊಳ್ಳುತ್ತಾರೆ, ಆಮೇಲೆ ಅದನ್ನು ತಲೆಯಿಂದ ತೆಗೆಯುವುದು ದೊಡ್ಡ ಕೆಲಸ. ಹೇಳಲೇಬೇಕಾದರೆ ಮಂಗಳೂರಿನ ಸಿಟಿ ಬಸ್ಸು ನೆನಪಿಸಿ. ಬೆಳಿಗ್ಗೆ ರಶ್ಶಿನಲ್ಲಿ ಎಲ್ಲರೂ ನಿಂತಲ್ಲೇ ಅಲುಗಾಡುತ್ತಾರೆ, ಸ್ವಲ್ಪ ಜನ ಇಳಿದರೆ ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡಬಹುದು, ಕೊನೆಯ ಸ್ಟಾಪ್ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಾಗಿಲು ತೆಗೆದರೆ ಎಲ್ಲರೂ ನಾಲ್ಕು ದಿಕ್ಕಿಗೆ. ಜನ ಮಾತ್ರ ಅದೇ ಜನ.

ಕರ್ಪೂರ, ನುಸಿಗುಳಿಗೆ ತೋರಿಸಬಹುದಾ?

ಇವು ನೀರಾಗದೆ ನೇರ ಅನಿಲವಾಗುತ್ತವೆ, ವಿಷಯ ಚೆಂದವೇ. ಆದರೆ ಎರಡೂ ನುಂಗಿದರೆ ವಿಷ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು, ಕಲ್ಲುಸಕ್ಕರೆಯ ಹಾಗೆ ಕಾಣುವುದರಿಂದ ಅಪಾಯ ಜಾಸ್ತಿ. ಐದಾರು ವರ್ಷದವರ ಕೈಗೆ ಕೊಡಲೇಬೇಡಿ. ದೇವರ ಕೋಣೆಯ ಡಬ್ಬಿ ತೆರೆದಿಟ್ಟರೆ ಕರ್ಪೂರ ಸಣ್ಣದಾಗುತ್ತಾ ಹೋಗುತ್ತದೆ ಅಂತ ಬಾಯಲ್ಲಿ ಹೇಳಿ. ನುಸಿಗುಳಿಗೆ ತೋರಿಸುವ ಅಗತ್ಯವೇ ಇಲ್ಲ.

ಮನೆಯಲ್ಲಿ ತುಳು, ಸ್ಕೂಲಲ್ಲಿ ಇಂಗ್ಲಿಷ್. ಯಾವುದರಲ್ಲಿ ಹೇಳಿಕೊಡುವುದು?

ಮಗು ಜಗಳ ಮಾಡುವ ಭಾಷೆಯಲ್ಲಿ. ತುಳು, ಕೊಂಕಣಿ, ಬ್ಯಾರಿ ಯಾವುದಾದರೂ ಸರಿ. ಸ್ಕೂಲಿನ ಹೆಸರು ಆಮೇಲೆ ಅಂಟಿಸಿದರೆ ಆಯಿತು.

ಅರ್ಥ ಆಗಿದೆಯಾ ಅಂತ ಗೊತ್ತಾಗುವುದು ಹೇಗೆ?

ಮುಂಚೆ ತೋರಿಸದ ವಸ್ತು ಕೊಟ್ಟು ಯಾಕೆ ಅಂತ ಕೇಳಿ. ಗುಂಪು ತಪ್ಪಿದರೂ ಪರವಾಗಿಲ್ಲ, ಕಾರಣ ಕೇಳಿ. ಗೋಲಿ ಸೋಡಾ ಒಳ್ಳೆಯದು, ಗೋಲಿ, ನೀರು, ಗುಳ್ಳೆ ಮೂರೂ ಒಂದೇ ಬಾಟಲಿಯಲ್ಲಿ. ಅದಕ್ಕಿಂತ ಒಳ್ಳೆಯದು ಒಂದು ಗ್ಲಾಸ್ ಗಡ್‌ಬಡ್. ಹಣ್ಣು ಘನ, ಸಿರಪ್ ದ್ರವ, ಜೆಲ್ಲಿ "ನೋಡೋಣ" ಬುಟ್ಟಿ, ಐಸ್‌ಕ್ರೀಮ್ ತಿನ್ನುತ್ತಾ ತಿನ್ನುತ್ತಾ ಗುಂಪು ಬದಲಿಸುತ್ತದೆ, ಅದರೊಳಗೆ ಗಾಳಿಯೂ ಉಂಟು. ವರ್ಕ್‌ಶೀಟಿನಲ್ಲಿ ಚಿತ್ರಕ್ಕೆ ಗೆರೆ ಜೋಡಿಸುವುದು ಇದರ ಹತ್ತಿರವೂ ಬರುವುದಿಲ್ಲ.

ಎಲ್ಲಿಗಾದರೂ ಕರೆದುಕೊಂಡು ಹೋಗಬಹುದಾ?

ಮಂಗಳೂರಿನವರಿಗೆ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರ ಉಂಟು, ಮುಟ್ಟಿ ನೋಡುವ ಮಾದರಿಗಳು ಇವೆ, ಪಕ್ಕದಲ್ಲೇ ತಾರಾಲಯ. ಪುಟ್ಟ ಮಕ್ಕಳನ್ನು ಎಲ್ಲ ತೋರಿಸಲು ಎಳೆದಾಡಬೇಡಿ, ಎರಡು ಮೂರು ಸಾಕು.

ನನ್ನ ಆಯ್ಕೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ, ಹರಿದು ಬಂದ ಲಾವಾ. ಅಂದರೆ ಆ ಬಂಡೆ ಒಂದು ಕಾಲದಲ್ಲಿ ದ್ರವ! ತಣ್ಣಗಾಗಿ ಗಟ್ಟಿಯಾಗುವಾಗ ಕುಗ್ಗಿ ಬಿರುಕು ಬಿಟ್ಟದ್ದಕ್ಕೆ ಈ ಕಂಬಗಳು. ಕಂಬದ ತಲೆಯ ಮೇಲೆ ಎಷ್ಟು ಮೂಲೆ ಅಂತ ಮಕ್ಕಳಿಗೆ ಎಣಿಸಲು ಹೇಳಿ, ಹೆಚ್ಚಿನದಕ್ಕೆ ಐದು, ಆರು, ಏಳು ಸಿಗುತ್ತದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಹಾಗಾಗಿ ಮಳೆ ನಿಂತ ಮೇಲೆ ವಿಚಾರಿಸಿಕೊಂಡು ಹೋಗಿ. ಅಂಚಿನ ಕಲ್ಲುಗಳಲ್ಲಿ ಪಾಚಿ ಇರುತ್ತದೆ, ಮಕ್ಕಳ ಕೈ ಬಿಡಬೇಡಿ. ನೆರಳು ಕಡಿಮೆ, ಟೋಪಿ ಮತ್ತು ಕುಡಿಯುವ ನೀರು ಇಟ್ಟುಕೊಳ್ಳಿ.